ಗ್ರೀಕ್ ಪ್ರಹಸನದಲ್ಲಿ ಕನ್ನಡ ಇದೆಯಾ?

ಪ್ರಶ್ನೆ: ನವೆಂಬರ್ 1ಕ್ಕೆ ಕಾಲೇಜಿನಲ್ಲಿ ಭಾಷಣ ಮಾಡಬೇಕು. ಸುಮಾರು ಎರಡು ಸಾವಿರ ವರ್ಷ ಹಳೆಯ ಗ್ರೀಕ್ ನಾಟಕದಲ್ಲೇ ಕನ್ನಡ ಇದೆ ಅಂತ ಹೇಳಬಹುದಾ ಟೀಚರ್?
– ಪದವಿ ವಿದ್ಯಾರ್ಥಿನಿ, ಕುಂಬಳೆ

ಉತ್ತರ: ಹೇಳು ಮಗಳೇ. ಆದರೆ 'ಇದೆ' ಅನ್ನಬೇಡ, 'ಇದೆ ಎಂದು ಒಬ್ಬ ವಿದ್ವಾಂಸರು ಓದಿದರು' ಅನ್ನು.

ಈ ಪ್ರಹಸನ ಸಿಕ್ಕಿದ್ದು ಗ್ರೀಸಿನಲ್ಲಲ್ಲ, ಈಜಿಪ್ಟಿನ ಆಕ್ಸಿರಿಂಕಸ್ ಎಂಬ ಊರಿನ ಹಳೆಯ ಕಸದ ದಿಬ್ಬದಲ್ಲಿ. ಕ್ರಿ.ಶ. 2ನೇ ಶತಮಾನದ, ಪಪೈರಸ್ ಎಂಬ ಜೊಂಡಿನಿಂದ ಮಾಡಿದ ಹಾಳೆ. ಗ್ರೆನ್‌ಫೆಲ್ ಮತ್ತು ಹಂಟ್ ಎಂಬ ಇಂಗ್ಲಿಷ್ ವಿದ್ವಾಂಸರು 1903ರಲ್ಲಿ ಅದನ್ನು ಅಚ್ಚು ಹಾಕಿಸಿದರು. ಕರಿಟಿಯನ್ ಎಂಬ ಗ್ರೀಕ್ ಹುಡುಗಿ ಭಾರತದ ಕಡಲ ತೀರದ ಒಂದು ಗುಡಿಯಲ್ಲಿ ಸಿಕ್ಕಿಹಾಕಿಕೊಂಡಿದ್ದಾಳೆ. ಅಣ್ಣ ಹಡಗಿನಲ್ಲಿ ಬರುತ್ತಾನೆ. ಅಲ್ಲಿನ ರಾಜನಿಗೂ ಅವನ ಕಡೆಯವರಿಗೂ ನೀರು ಬೆರೆಸದ ದ್ರಾಕ್ಷಾರಸ ಕುಡಿಸಿ, ಅಮಲೇರಿದ ರಾಜನನ್ನು ಕಟ್ಟಿಹಾಕಿ, ತಂಗಿಯನ್ನು ಕರೆದುಕೊಂಡು ಹೋಗುತ್ತಾನೆ. ಗ್ರೀಕರು ದ್ರಾಕ್ಷಾರಸಕ್ಕೆ ನೀರು ಬೆರೆಸಿಯೇ ಕುಡಿಯುತ್ತಿದ್ದರು. ಹಾಗಾಗಿ ಅವರಿಗೆ ಈ ಜಾಗದಲ್ಲಿ ನಗು ಜಾಸ್ತಿ. ದೂರದ ದೇಶದ ಗುಡಿಯಿಂದ ಅಕ್ಕನನ್ನು ತಮ್ಮ ಬಿಡಿಸಿಕೊಂಡು ಬರುವ ಕಥೆ ಹಳೆಯ ಗ್ರೀಕ್ ನಾಟಕಕಾರ ಯೂರಿಪಿಡೀಸನ ಇಫಿಜೀನಿಯಾ ನಾಟಕದಲ್ಲಿ ಮೊದಲೇ ಇತ್ತು. ಕುಡಿಸಿ ಪಾರಾಗುವ ಉಪಾಯ ಹೋಮರನ ಒಡಿಸ್ಸಿ ಕಾವ್ಯದ ಒಕ್ಕಣ್ಣ ರಾಕ್ಷಸನ ಪ್ರಸಂಗದ್ದು.

ರಾಜ ಮತ್ತು ಅವನ ಜನ ನಡುನಡುವೆ ಗ್ರೀಕ್ ಅಲ್ಲದ ಮಾತಾಡುತ್ತಾರೆ. ಅದನ್ನೂ ಗ್ರೀಕ್ ಅಕ್ಷರದಲ್ಲೇ ಬರೆದಿದ್ದಾರೆ: 'ಬೆರೆ ಕೊಂಜೈ ದಮುನ್ ಪೆತ್ರೆಕಿಯೊ'. ಜರ್ಮನಿಯ ಹುಲ್ಟ್ಸ್ ಎಂಬ ಶಾಸನತಜ್ಞರು 1904ರಲ್ಲಿ ಇದನ್ನು 'ಬೇರೆ ಕೊಂಚ ಮಧು ಪಾತ್ರಕ್ಕೆ ಹಾಕಿ' ಎಂದು ಓದಿದರು. ಮೊದಲ ಸಲ ಇದನ್ನು ಓದಿದಾಗ ನನಗೆ ಮೈ ಝುಂ ಎಂದಿತ್ತು. ನಮ್ಮ ಮಂಜೇಶ್ವರದ ಗೋವಿಂದ ಪೈಗಳೂ ಈ ಪ್ರಹಸನದ ಬೆನ್ನು ಹತ್ತಿದವರೇ. ಬಾರ್ನೆಟ್ ಎಂಬ ವಿದ್ವಾಂಸರು ಒಪ್ಪಲಿಲ್ಲ. ಇದು ತುಳು ಎಂದು ವಾದಿಸಿದವರೂ ಇದ್ದಾರೆ.

ನನಗೆ ತೊಡಕು ಕಂಡದ್ದು 'ಹಾಕಿ'ಯಲ್ಲಿ. ಕಾಸರಗೋಡಿನ ಮಕ್ಕಳಿಗೆ ಇದನ್ನು ವಿವರಿಸುವುದು ಸುಲಭ. ನಾವು ಹಾಲು ಅನ್ನುತ್ತೇವೆ, ಪಕ್ಕದ ಮನೆಯ ಮಲಯಾಳಿ ಅಮ್ಮ ಪಾಲ್ ಅನ್ನುತ್ತಾರೆ, ತುಳುವಿನಲ್ಲಿ ಪೇರ್. ನಮ್ಮ ಹುಲಿ ಅವರಿಗೆ ಪುಲಿ, ತುಳುವರಿಗೆ ಪಿಲಿ. ಪಿಲಿವೇಷ ನೀನು ಎಷ್ಟು ನೋಡಿಲ್ಲ! ಹಳಗನ್ನಡದಲ್ಲೂ ಪಾಲ್, ಪುಲಿ ಎಂದೇ ಇತ್ತು. ಪಕಾರ ಹಕಾರ ಆದದ್ದು ಸುಮಾರು 10ನೇ ಶತಮಾನದಿಂದ ಈಚೆಗೆ. ಹಾಗಿದ್ದರೆ 2ನೇ ಶತಮಾನದ ಕನ್ನಡಿಗ 'ಹಾಕಿ' ಅನ್ನುವುದು ಹೇಗೆ? 'ದಮುನ್' ಅನ್ನು 'ಮಧು' ಮಾಡಲು ಅಕ್ಷರ ಹಿಂದೆ ಮುಂದೆ ಮಾಡಬೇಕು. ಅದೂ ನನಗೆ ಒಗ್ಗಿಲ್ಲ.

ನನಗೆ ಅನ್ನಿಸುವುದು ಇಷ್ಟು. ಆ ಹಾಳೆಯಲ್ಲಿ ಡೋಲು ಎಲ್ಲೆಲ್ಲಿ ಬಾರಿಸಬೇಕು ಎಂದೂ ಗುರುತು ಹಾಕಿದ್ದಾರೆ, ನಮ್ಮ ಯಕ್ಷಗಾನ ಪ್ರಸಂಗದಲ್ಲಿ ಪದದ ಮೇಲೆ ತಾಳ ಬರೆಯುವ ಹಾಗೆ. ಅಂದರೆ ಅದು ಆಟ ಆಡುವವರ ಪ್ರತಿ. ಬಯಲಾಟದಲ್ಲಿ ಹಾಸ್ಯಗಾರ ಪರಭಾಷೆಯ ಧಾಟಿ ಹಿಡಿದರೆ ಸಾಕು, ಸಭೆ ನಗುತ್ತದೆ, ಅಲ್ವಾ? ಒಂದೊಂದು ಮಾತೂ ಸರಿ ಇರಬೇಕೆಂದಿಲ್ಲ. ಕರಿಮೆಣಸಿಗಾಗಿ ನಮ್ಮ ಕರಾವಳಿಗೆ ಬಂದು ಹೋಗುತ್ತಿದ್ದ ನಾವಿಕರ ಕಿವಿಗೆ ಬಿದ್ದ ನಾಲ್ಕು ಮಾತು ಅದರಲ್ಲಿ ಸೇರಿರಬಹುದು.

ಭಾಷಣಕ್ಕೆ ಐದೇ ನಿಮಿಷ ಕೊಟ್ಟರೆ ಇಸವಿಗಳನ್ನು ಬಿಡು, ಹಾಲು-ಪಾಲ್-ಪೇರ್ ಬಿಡಬೇಡ. ಮೊದಲು ಆ ಸಾಲನ್ನು ಗ್ರೀಕರು ಬರೆದ ಹಾಗೆಯೇ ಜೋರಾಗಿ ಓದು, ಆಮೇಲೆ ಹುಲ್ಟ್ಸ್ ಓದಿದ ಹಾಗೆ.