ಮೂರು ತಿಂಗಳ ಮಗುವಿನ ಜೊತೆ ಬಸ್ ಪ್ರಯಾಣಕ್ಕೆ ಬ್ಯಾಗ್

ಮೂರು ತಿಂಗಳ ಮಗೂನ ಬೆಂಗಳೂರಿಂದ ಶಿವಮೊಗ್ಗಕ್ಕೆ ಹಗಲು ಬಸ್ಸಲ್ಲಿ ಕರ್ಕೊಂಡು ಹೋಗೋಕೆ ಎಂಥ ಬ್ಯಾಗ್, ಏನೇನು ತುಂಬಬೇಕು ಅಂತ ಕೇಳಿದ್ದೀರಿ. ಹೊಸದು ಕೊಳ್ಳಲೇಬೇಕಿಲ್ಲ. ಬಾಯಿ ಅಗಲಕ್ಕೆ ತೆರೆಯೋ 20 ಲೀಟರಿನ ಬೆನ್ನಚೀಲ ಸಾಕು. ಒಂದೇ ಹೆಗಲಿಗೆ ಹಾಕೋದು ಬೇಡ, ಮಗು ಎತ್ತೋಕೆ ಬಗ್ಗಿದಾಗೆಲ್ಲ ಮುಂದಕ್ಕೆ ಜಾರುತ್ತೆ.

ಡೈಪರ್ 3 ಗಂಟೆಗೆ ಒಂದು, ಮೇಲೆ 2. ಮನೆಯಿಂದ ಮನೆಗೆ 9 ಗಂಟೆ ಹಿಡಿದರೆ ಒಟ್ಟು 5. ಸೋರಿಕೆಗೆ ಬಹಳ ಸಲ ಕಾರಣ ತೊಡೆ ಹತ್ತಿರದ ನೆರಿಗೆ ಒಳಕ್ಕೆ ಮಡಚಿಕೊಂಡಿರೋದು. ಹಾಕಿದ ಮೇಲೆ ಸುತ್ತ ಬೆರಳಾಡಿಸಿ ಹೊರಗೆ ಬಿಡಿಸಿ. ಆದರೂ ಬೆನ್ನವರೆಗೆ ಬರೋದುಂಟು. ಅದಕ್ಕೇ 3 ಜೊತೆ ಬಟ್ಟೆ, ಒಂದು ರಬ್ಬರ್ ಶೀಟು, ಒದ್ದೆ ಬಟ್ಟೆಗೆ ಜಿಪ್ ಕವರ್ 2, ನಿಮಗೂ ಒಂದು ಅಂಗಿ. (ಇದನ್ನೇ ಎಲ್ಲ ಅಪ್ಪಂದಿರೂ ಮರೆಯೋದು.) ವೈಪ್ಸ್ ಪ್ಯಾಕಿನ ಸ್ಟಿಕ್ಕರ್ ಸರಿಯಾಗಿ ಅಂಟದಿದ್ದರೆ ಒಣಗುತ್ತೆ, ಅದನ್ನೂ ಜಿಪ್ ಕವರಿಗೆ ಹಾಕಿ.

ಎದೆಹಾಲಾದರೆ ಹೊದೆಯೋಕೆ ಒಂದು ದುಪಟ್ಟಾ, ಅಷ್ಟೇ. ಮಗುವಿಗೆ ನೀರು ಬೇಡ. ಪುಡಿಹಾಲಾದರೆ ಫ್ಲಾಸ್ಕಲ್ಲಿ ಕುದಿಸಿದ ನೀರು, ಅಳೆದ ಪುಡಿ ಬೇರೆ ಡಬ್ಬಿಯಲ್ಲಿ. ಕಲಸಿ 2 ಗಂಟೆ ದಾಟಿದ್ದನ್ನು ಚೆಲ್ಲಿಬಿಡಿ.

ತಾಯಿ ಕಾರ್ಡ್ ಮುಂದಿನ ಜೇಬಲ್ಲಿರಲಿ, 14ನೇ ವಾರದ ಲಸಿಕೆ ಊರಲ್ಲೇ ಹಾಕಿಸಬೇಕಾಗಬಹುದು.