ಓದುಗರ ಪ್ರಶ್ನೆ: ‘ಪಿಂಗ್ ಪಾಂಗ್’ ನೋಡಿ ಬ್ಯಾಟ್ ಕೊಳ್ಳುವ ಮುಂಚೆ

ಪ್ರ: ಟೇಬಲ್ ಟೆನಿಸ್ ಕುರಿತ ಜಪಾನಿನ ‘ಪಿಂಗ್ ಪಾಂಗ್’ ಸಿನಿಮಾ ನೋಡಿದಾಗಿನಿಂದ 11 ವರ್ಷದ ಮಗ ಅದರ ನಾಯಕ ಪೆಕೊ ಥರ ಪೆನ್ನು ಹಿಡಿದ ಹಾಗೆ ಬ್ಯಾಟ್ ಹಿಡೀತೀನಿ ಅಂತ ಹಟ ಮಾಡುತ್ತಿದ್ದಾನೆ. ಕೊಡಿಸಬಹುದೇ? ಪೆಕೊನ ಗೆಳೆಯ ಸ್ಮೈಲ್ ಟೇಬಲ್ಲಿನಿಂದ ಅಷ್ಟು ದೂರ ನಿಂತು ಆಡುವುದೇಕೆ?
– ಓದುಗರು, ಹಾಸನ

ಉ: ತಾಯೊ ಮಾತ್ಸುಮೊಟೊ ಅವರ ಮಾಂಗಾ (ಜಪಾನಿ ಕಾಮಿಕ್ಸ್) ಸರಣಿಯನ್ನು ಫುಮಿಹಿಕೊ ಸೊರಿ 2002ರಲ್ಲಿ ತೆರೆಗೆ ತಂದರು. ಗೆಳೆಯರಿಬ್ಬರ ಸ್ವಭಾವ ಅವರ ಆಟದಲ್ಲೇ ಕಾಣುವುದು ಈ ಚಿತ್ರದ ಚೆಲುವು. ಪೆಕೊ ಟೇಬಲ್ಲಿಗೆ ಅಂಟಿಕೊಂಡೇ ನಿಂತು, ಚೆಂಡು ಪುಟಿದೇಳುವಾಗಲೇ ಬಾರಿಸುತ್ತಾನೆ. ಎದುರಾಳಿಯನ್ನು ನೋಯಿಸಲು ಮನಸ್ಸಿಲ್ಲದ ಸ್ಮೈಲ್ ಹಿಂದೆ ಸರಿದು ಚಾಪ್ ಮಾಡುತ್ತಾನೆ, ಅಂದರೆ ಚೆಂಡಿಗೆ ಹಿಮ್ಮುಖ ತಿರುಗು ಕೊಟ್ಟು ರಕ್ಷಣೆಯ ಆಟ ಆಡುತ್ತಾನೆ. ಎರಡು–ಮೂರು ಮೀಟರ್ ಹಿಂದಕ್ಕೆ ಹೋದರೆ ಎದುರಾಳಿಯ ಟಾಪ್‌ಸ್ಪಿನ್ನಿನ (ಮುಂದಕ್ಕೆ ಉರುಳುವಂತೆ ತಿರುಗುವ ಹೊಡೆತದ) ವೇಗ ಇಳಿದಿರುತ್ತದೆ. ಚೆಂಡು ಸೊಂಟದ ಮಟ್ಟಕ್ಕೆ ಬೀಳುವಾಗ ಅದರ ತಳಭಾಗವನ್ನು ಮೇಲಿನಿಂದ ಕೆಳಕ್ಕೆ ಸವರಲು ಸಮಯ ಸಿಗುತ್ತದೆ.

ಪೆನ್‌ಹೋಲ್ಡಿನಲ್ಲಿ, ಅಂದರೆ ಪೆನ್ನಿನ ಹಾಗೆ ಹಿಡಿಯುವ ಪೆಕೊನ ಶೈಲಿಯಲ್ಲಿ, ಹೆಬ್ಬೆರಳು, ತೋರುಬೆರಳು ಹಿಡಿಯನ್ನು ಸುತ್ತುತ್ತವೆ, ಉಳಿದ ಮೂರು ಬೆರಳು ಹಿಂಬದಿಗೆ ಆನಿಸಿರುತ್ತವೆ. ಮಣಿಕಟ್ಟು ಸಲೀಸಾಗಿ ತಿರುಗುವುದರಿಂದ ಸರ್ವಿಸ್, ಫೋರ್‌ಹ್ಯಾಂಡ್ ಸೊಗಸು. ತೊಂದರೆ ಇರುವುದು ಬ್ಯಾಕ್‌ಹ್ಯಾಂಡಿನಲ್ಲಿ. ಹಳೆಯ ಜಪಾನಿ ಶೈಲಿಯಲ್ಲಿ ಫೋರ್‌ಹ್ಯಾಂಡ್, ಬ್ಯಾಕ್‌ಹ್ಯಾಂಡ್ ಎರಡಕ್ಕೂ ಬ್ಯಾಟಿನ ಒಂದೇ ಮುಖ. ಬಲಗೈ ಆಟಗಾರ ಎಡಮೂಲೆಗೆ ಬಿದ್ದ ಚೆಂಡಿಗೆ ಬ್ಯಾಟ್ ಅಡ್ಡ ಹಿಡಿದು ಬ್ಲಾಕ್ ಮಾಡಬೇಕು, ಇಲ್ಲವೇ ಓಡಿ ಬಂದು ಫೋರ್‌ಹ್ಯಾಂಡಿನಲ್ಲೇ ಹೊಡೆಯಬೇಕು. ಚಿಕ್ಕ ಹುಡುಗನ ಕಾಲಿಗೆ ಅದು ಹೆಚ್ಚು. ಈಗ ಶೇಕ್‌ಹ್ಯಾಂಡ್ (ಕೈಕುಲುಕುವ ಹಾಗೆ ಹಿಡಿಯುವ) ಹಿಡಿಯ ಐದು ಪದರದ ಮರದ ಬ್ಯಾಟ್, ಎರಡೂ ಕಡೆ ಅಡಿಯಲ್ಲಿ 1.5ರಿಂದ 1.8 ಮಿ.ಮೀ. ಸ್ಪಂಜಿರುವ ನುಣುಪು ರಬ್ಬರ್ ಕೊಡಿಸಿ. ದಪ್ಪ ಸ್ಪಂಜಿನಲ್ಲಿ ಕಲಿಯುವವರ ಚೆಂಡು ಟೇಬಲ್ ದಾಟಿ ಹಾರುತ್ತದೆ.

ಸ್ಮೈಲ್ ಆಟಕ್ಕೆ ಜಾಗವೇ ಅಡ್ಡಿ. 6 ಮೀಟರ್ ಕೋಣೆಯಲ್ಲಿ 2.74 ಮೀಟರ್ ಟೇಬಲ್ ಹಾಕಿದರೆ ಬೆನ್ನ ಹಿಂದೆ ಉಳಿಯುವುದು ಒಂದೂವರೆ ಮೀಟರ್ ಚಿಲ್ಲರೆ. ಚಾಪ್ ಕಲಿಸುವ ಆಸೆಯಿದ್ದರೆ ಮೊದಲು ದೊಡ್ಡ ಒಳಾಂಗಣ ಕ್ರೀಡಾಂಗಣ ಹುಡುಕಿ.

ಪ್ರ: ‘ಪಿಂಗ್ ಪಾಂಗ್’ ಸಿನಿಮಾದ ರ‍್ಯಾಲಿಗಳನ್ನು ನಟರೇ ಆಡಿದ್ದೇ?
– ಓದುಗರು, ಸಕಲೇಶಪುರ

ಉ: ಕೈಬೀಸು ಅವರದೇ. ಬಹಳಷ್ಟು ಕಡೆ ಚೆಂಡನ್ನು ಆಮೇಲೆ ಕಂಪ್ಯೂಟರಿನಲ್ಲಿ ಸೇರಿಸಿದ್ದಾರೆ.

ಪ್ರ: ಮಳೆಗಾಲದಲ್ಲಿ ಟಾಪ್‌ಸ್ಪಿನ್ ಹೊಡೆದರೆ ಚೆಂಡು ಜಾರಿ ನೆಟ್ಟಿಗೆ ಬೀಳುತ್ತದೆ. ರಬ್ಬರ್ ಹೋಯಿತೇ?
– ಓದುಗರು, ಮೂಡಿಗೆರೆ

ಉ: ಒಣ ಹತ್ತಿಬಟ್ಟೆಯಲ್ಲಿ ಒರೆಸಿ ನೋಡಿ. ನಾಲ್ಕೈದು ಪಾಯಿಂಟ್ ಹಿಡಿತ ಮರಳಿ ಮತ್ತೆ ಜಾರಿದರೆ ಅದು ಗಾಳಿಯ ತೇವದ ಕೆಲಸ. ಒರೆಸಿದರೂ ಜಾರಿದರೆ ರಬ್ಬರ್ ಸವೆದಿದೆ. ಪ್ರತಿ 6 ಪಾಯಿಂಟಿಗೊಮ್ಮೆ ಟವೆಲ್ ಬಳಸಲು ನಿಯಮದಲ್ಲೇ ಅವಕಾಶವಿದೆ. ಬೆವರಿನ ಜೊತೆಗೆ ಚೆಂಡನ್ನೂ ಬ್ಯಾಟನ್ನೂ ಒರೆಸಿಕೊಳ್ಳಿ. ಅಂಥ ದಿನ ಚೆಂಡನ್ನು ತೆಳ್ಳಗೆ ಸವರಲು ಹೋಗದೆ ಸ್ಪಂಜಿಗೆ ಇಳಿಯುವಷ್ಟು ನೇರವಾಗಿ ಹೊಡೆಯಿರಿ.

ಆಟ ಮುಗಿದ ಮೇಲೆ ಒದ್ದೆಬಟ್ಟೆಯಲ್ಲಿ ಧೂಳು ತೆಗೆದು, ನೆರಳಲ್ಲಿ ಆರಿಸಿ, ಪ್ಲಾಸ್ಟಿಕ್ ಹಾಳೆ ಹೊದಿಸಿ ಇಡಿ. ಬಚ್ಚಲೊಲೆಯ ಮುಂದೆ ಆರಿಸಿದರೆ ರಬ್ಬರ್ ಬಿರುಸಾಗಿ ಅಂಚಿನಲ್ಲಿ ಸೀಳುತ್ತದೆ. ಟೇಬಲ್ಲನ್ನೂ ಪರೀಕ್ಷಿಸಿ: 30 ಸೆಂ.ಮೀ. ಎತ್ತರದಿಂದ ಬಿಟ್ಟ ಚೆಂಡು ಸುಮಾರು 23 ಸೆಂ.ಮೀ. ಪುಟಿಯಬೇಕು. ನಡುವೆ ಸರಿಯಿದ್ದು ಅಂಚಿನಲ್ಲಿ ಸತ್ತಂತೆ ಪುಟಿದರೆ ಹಲಗೆ ನೀರು ಕುಡಿದು ಉಬ್ಬಿದೆ. ಟೇಬಲ್ಲನ್ನು ಕಿಟಕಿಯ ಬಳಿಯಿಂದ ಸರಿಸಿ.