ಗೂಗಲ್ ಹುಡುಕಾಟ ನೋಡಿ ದೇಶ ಬಿಡುವ ಮನಸ್ಸು ತಿಳಿಯಬಹುದೇ?

ಯುದ್ಧದ ಹೊತ್ತಿನಲ್ಲಿ ಎಷ್ಟು ಜನ ದೇಶ ಬಿಡಲು ನೋಡುತ್ತಿದ್ದಾರೆ ಅಂತ ಗೂಗಲ್ ಟ್ರೆಂಡ್ಸ್‌ನಿಂದ (ಯಾವ ಪದದ ಹುಡುಕಾಟ ಯಾವಾಗ, ಎಲ್ಲಿ ಏರಿತು, ಇಳಿಯಿತು ಎಂದು ತೋರಿಸುವ ಗೂಗಲ್‌ನ ತಾಣ) ಹೇಳಬಹುದೇ, ಪ್ರಾಜೆಕ್ಟಿಗೆ ಅಷ್ಟು ಸಾಕೇ ಎಂದು ಕೇಳಿದ್ದೀರಿ. ಅಂದಾಜು ಸಿಗುತ್ತದೆ. ಆದರೆ ಅದೊಂದೇ ಸಾಲದು.

ನಾನು ಕೇರಳದ ಕಾಸರಗೋಡು ಜಿಲ್ಲೆಯ ಬದಿಯಡ್ಕದವನು. ನಮ್ಮ ಕಡೆ ಎಷ್ಟೋ ಮನೆಗಳಲ್ಲಿ ಒಬ್ಬರಾದರೂ ಗಲ್ಫಿನಲ್ಲಿದ್ದಾರೆ. 1990ರ ಆಗಸ್ಟಿನಲ್ಲಿ ಇರಾಕ್ ಸೇನೆ ಕುವೈತಿಗೆ ನುಗ್ಗಿದಾಗ ನನ್ನ ಮಾವ ಅಲ್ಲಿದ್ದರು. ಮನೆಯವರು ರೇಡಿಯೋ ಬಿಟ್ಟು ಏಳುತ್ತಿರಲಿಲ್ಲ. ಈಗ ಹಾಗಾದರೆ ಎಲ್ಲರೂ ಫೋನ್ ಹಿಡಿದು ಕುವೈತಿನಿಂದ ವಿಮಾನ ಇದೆಯಾ ಅಂತ ಹುಡುಕುತ್ತಾರೆ, ಅಲ್ವಾ? ಹೊರಡಬೇಕಾದವರು ಒಬ್ಬರು. ಹುಡುಕುವವರು ಹತ್ತು ಮಂದಿ, ಅದೂ ಕೇರಳದಲ್ಲಿ ಕೂತು. ನಾನು ಕನ್ನಡದಲ್ಲಿ, ಮಲಯಾಳ ಶಾಲೆಗೆ ಹೋದ ತಂಗಿ ಮಲಯಾಳದಲ್ಲಿ, ಅವಳ ಮಗ ಇಂಗ್ಲಿಷಿನಲ್ಲಿ. ನೀವು ಒಂದೇ ಪದ ಹಿಡಿದರೆ ನಮ್ಮ ಮನೆಯ ಅರ್ಧ ಜನ ಲೆಕ್ಕಕ್ಕೇ ಸಿಗುವುದಿಲ್ಲ. ಉಕ್ರೇನಿನಲ್ಲೂ ಉಕ್ರೇನಿಯನ್, ರಷ್ಯನ್ ಎರಡನ್ನೂ ನೋಡಬೇಕಾಗುತ್ತದೆ.

2022ರ ಸೆಪ್ಟೆಂಬರ್ 21ರಂದು ರಷ್ಯಾ 3 ಲಕ್ಷ ಮೀಸಲು ಸೈನಿಕರನ್ನು ಕರೆಸುವುದಾಗಿ ಹೇಳಿತು. ಕೂಡಲೇ "ರಷ್ಯಾ ಬಿಡುವುದು ಹೇಗೆ" ಎಂಬ ಹುಡುಕಾಟ ಒಮ್ಮೆಲೇ ಏರಿತು. ಸೇನೆಗೆ ಹೋಗುವುದನ್ನು ತಪ್ಪಿಸಿಕೊಳ್ಳಲು "ಮನೆಯಲ್ಲೇ ಕೈ ಮುರಿದುಕೊಳ್ಳುವುದು ಹೇಗೆ" ಎಂಬುದೂ ಏರಿತು. ಅದನ್ನು ಓದಿ ನನಗೆ ತುಂಬಾ ಸಂಕಟವಾಯಿತು. ದೇಶ ಬಿಡುವ ಪದಗಳನ್ನು ಮಾತ್ರ ಎಣಿಸಿದರೆ ಈ ಜನ ಕಾಣುವುದೇ ಇಲ್ಲ.

ಇನ್ನೊಂದು ವಿಷಯ. ಟ್ರೆಂಡ್ಸ್‌ನಲ್ಲಿ 100 ಎಂದರೆ ನೂರು ಜನ ಅಲ್ಲ. ನೀವು ಆರಿಸಿದ ಜಾಗ ಮತ್ತು ಅವಧಿಯಲ್ಲಿ ಆ ಹುಡುಕಾಟ ಅತಿ ಜಾಸ್ತಿ ಇದ್ದ ಹೊತ್ತು, ಅಷ್ಟೇ. ಮನಸ್ಸಿದ್ದವರೆಲ್ಲ ಹೋಗಲೂ ಆಗುವುದಿಲ್ಲ. 2022ರ ಫೆಬ್ರವರಿಯಲ್ಲಿ ಯುದ್ಧ ಶುರುವಾದ ಮೇಲೆ ಉಕ್ರೇನಿನ 18ರಿಂದ 60 ವರ್ಷದ ಹೆಚ್ಚಿನ ಗಂಡಸರಿಗೆ ಗಡಿ ದಾಟಲು ಬಿಡಲಿಲ್ಲ.

ನನಗೆ ತುಂಬಾ ಹಿಡಿಸಿದ್ದು ಪ್ಯೂ ರಿಸರ್ಚ್ ಸೆಂಟರ್ ಎಂಬ ಅಮೆರಿಕದ ಸಂಶೋಧನಾ ಸಂಸ್ಥೆ ಮಾಡಿದ ಕೆಲಸ. 2015-16ರಲ್ಲಿ ಟರ್ಕಿಯಲ್ಲಿದ್ದುಕೊಂಡು ಅರಬ್ಬಿ ಭಾಷೆಯಲ್ಲಿ "ಗ್ರೀಸ್" ಎಂದು ಹುಡುಕಿದ್ದನ್ನು ಅವರು ತೆಗೆದುಕೊಂಡರು. ಟರ್ಕಿಯ ಜನ ಹುಡುಕುವುದು ಟರ್ಕಿಶ್‌ನಲ್ಲಿ. ಹಾಗಾಗಿ ಅರಬ್ಬಿ ಎಂದರೆ ಹೆಚ್ಚಾಗಿ ಸಿರಿಯಾ, ಇರಾಕಿನಿಂದ ಬಂದವರು. ಸಮುದ್ರ ದಾಟಿ ಗ್ರೀಸಿಗೆ ಇಳಿದವರ ಲೆಕ್ಕವನ್ನು ಪಕ್ಕದಲ್ಲಿಟ್ಟಾಗ ಎರಡರ ಏರಿಳಿತ ಚೆನ್ನಾಗಿ ಹೊಂದಿತು. ನೀವೂ ಹೀಗೆ ನಿಂತ ಜಾಗ, ಭಾಷೆ, ಹೋಗುವ ದೇಶ ಮೂರೂ ಸೇರುವ ಪದ ಹುಡುಕಿ. ಗಡಿ ದಾಟಿದವರ ಲೆಕ್ಕವನ್ನು ವಿಶ್ವಸಂಸ್ಥೆಯ ನಿರಾಶ್ರಿತರ ಸಂಸ್ಥೆ ಪ್ರಕಟಿಸುತ್ತದೆ.

ಗಲ್ಫ್ ಬಗ್ಗೆ ಮಾಡುವುದಾದರೆ ಹೇಳಿ. ನಮ್ಮ ಕಡೆಯವರು ಏನೇನು ಟೈಪ್ ಮಾಡುತ್ತಾರೆ ಅಂತ ಮೂರೂ ಭಾಷೆಯಲ್ಲಿ ಬರೆದು ಕೊಡುತ್ತೇನೆ.